ಒಂದು ಕಿಲೋ ಉಪ್ಪು ಎಷ್ಟು ದಿನ ಬರುತ್ತದೆ?

ಕಳೆದ ತಿಂಗಳು ಒಂದು ಮದುವೆಗೆ ಹೋಗಿದ್ದೆ. ಕಾಫಿ ಕೊಡುವ ಮೇಜಿನ ಮೇಲೆ ಎರಡು ಪಾತ್ರೆಗಳಿದ್ದವು. ಒಂದು ಸಕ್ಕರೆ ಹಾಕಿದ್ದು, ಇನ್ನೊಂದು ಹಾಕದೇ ಇದ್ದದ್ದು. ಸಕ್ಕರೆಯಿಲ್ಲದ ಕಾಫಿಯ ಮುಂದೆಯೇ ಸಾಲು ಉದ್ದವಾಗಿತ್ತು. ಇಪ್ಪತ್ತು ವರ್ಷಗಳ ಹಿಂದೆ ಸಕ್ಕರೆ ಬೇಡ ಎನ್ನಲು ಜನ ನಾಚಿಕೊಳ್ಳುತ್ತಿದ್ದರು, ಈಗ ಅದು ಒಂದು ಬಗೆಯ ಹೆಮ್ಮೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಜನ ಊಟಕ್ಕೆ ಕುಳಿತರು. ಎಲೆಯ ತುದಿಗೆ ಮೊದಲು ಉಪ್ಪು ಬಂತು, ಹಿಂದೆಯೇ ಉಪ್ಪಿನಕಾಯಿ. ಬಡಿಸುವ ಹುಡುಗನಿಗೆ ಬೇಡವೆಂದು ಕೈ ಅಡ್ಡ ಹಿಡಿದವರು ನಮ್ಮ ಪಂಕ್ತಿಯಲ್ಲಿ ಒಬ್ಬರೂ ಇರಲಿಲ್ಲ. ನಾನೂ ಹಿಡಿಯಲಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ದಿನನಿತ್ಯದ ಆಹಾರ ಮತ್ತು ಆರೋಗ್ಯ ಎಂಬ ವಿಷಯ ಕೊಟ್ಟಿದ್ದೀರಿ. ಅಷ್ಟು ದೊಡ್ಡದನ್ನು ಒಂದು ಗಂಟೆಯಲ್ಲಿ ಹಿಡಿಯಲು ಹೋದರೆ ಸೊಪ್ಪು ತಿನ್ನಿ, ಎಣ್ಣೆ ಕಡಿಮೆ ಮಾಡಿ, ಬೆಳಿಗ್ಗೆ ನಡೆಯಿರಿ ಎಂದು ಹೇಳಿ ವೇದಿಕೆ ಇಳಿಯಬೇಕಾಗುತ್ತದೆ. ಅದನ್ನು ಹೇಳಲು ವೈದ್ಯೆ ಬೇಕಿಲ್ಲ, ನಿಮ್ಮ ಮೊಬೈಲಿಗೆ ದಿನಾ ಬೆಳಿಗ್ಗೆ ಬರುವ ಸಂದೇಶಗಳೇ ಸಾಕು. ಹಾಗಾಗಿ ನಾನು ಉಪ್ಪೊಂದನ್ನೇ ಹಿಡಿದುಕೊಳ್ಳುತ್ತೇನೆ. ಸಕ್ಕರೆಗೆ ಹೆದರುವುದನ್ನು ನಾವು ಕಲಿತಾಗಿದೆ. ಉಪ್ಪಿನ ವಿಷಯದಲ್ಲಿ ಹಾಗಾಗಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನಿಮಗೆಲ್ಲ ಗೊತ್ತು. ಲಂಚ ತಿಂದು ಸಿಕ್ಕಿಬಿದ್ದವನ ಸುದ್ದಿ ಬಂದಾಗ ಹೇಳುತ್ತೇವೆ. ಆದರೆ ಈ ಗಾದೆಯನ್ನು ನೀತಿ ಅಂತ ಅಲ್ಲದೆ ಅಕ್ಷರಶಃ ಓದಿ ನೋಡಿ. ವೈದ್ಯಕೀಯ ಕಾಲೇಜಿನಲ್ಲಿ ನಮಗೆ ರಕ್ತದೊತ್ತಡದ ಬಗ್ಗೆ ವಾರಗಟ್ಟಲೆ ಪಾಠ ಮಾಡಿದರು. ಅದರ ಅರ್ಧ ಈ ಒಂದು ಸಾಲಿನಲ್ಲಿದೆ.

ಹೇಗೆ ಎಂದು ತೋರಿಸಲು ನನಗೆ ಚಿತ್ರಪಟ ಬೇಡ, ಒಂದು ಭರಣಿ ಸಾಕು. ಮಾವಿನ ಮಿಡಿಯನ್ನು ಉಪ್ಪಿಗೆ ಹಾಕುವುದನ್ನು ನೋಡದವರು ಮಲೆನಾಡಿನ ಈ ಸಭೆಯಲ್ಲಿ ಇರಲಿಕ್ಕಿಲ್ಲ. ತಳಕ್ಕೆ ಹರಳುಪ್ಪು, ಅದರ ಮೇಲೆ ಮಿಡಿ, ಮತ್ತೆ ಉಪ್ಪು, ಮತ್ತೆ ಮಿಡಿ. ಒಂದು ಹನಿ ನೀರು ಹಾಕುವುದಿಲ್ಲ. ಹಾಕಿದರೆ ಅಜ್ಜಿಯಂದಿರು ಬೈಯುತ್ತಾರೆ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಒಳಗೆ ನೀರು ತುಂಬಿಕೊಂಡಿದೆ, ಮಿಡಿ ಚಿರುಟಿಕೊಂಡಿದೆ. ನೀರು ಬಂದದ್ದು ಮಿಡಿಯ ಒಳಗಿನಿಂದಲೇ. ಉಪ್ಪು ಎಲ್ಲಿ ಹೆಚ್ಚಿದೆಯೋ ಅಲ್ಲಿಗೆ ನೀರು ಸರಿದು ಬರುತ್ತದೆ.

ನಮ್ಮ ಮೈಯೊಳಗೂ ಇದೇ ನಡೆಯುತ್ತದೆ. ರಕ್ತದಲ್ಲಿ ಉಪ್ಪು ಇಷ್ಟೇ ಹದದಲ್ಲಿರಬೇಕು ಎಂಬುದು ದೇಹದ ಹಟ. ಆಸ್ಪತ್ರೆಯಲ್ಲಿ ಕೈಗೆ ಚುಚ್ಚಿ ಏರಿಸುವ ಬಾಟಲಿಯನ್ನು ನಮ್ಮ ಕಡೆ ಎಲ್ಲರೂ ಗ್ಲೂಕೋಸ್ ಎಂದೇ ಕರೆಯುತ್ತಾರೆ. ಬಹಳ ಸಲ ಅದರಲ್ಲಿರುವುದು ಗ್ಲೂಕೋಸ್ ಅಲ್ಲ, ಉಪ್ಪುನೀರು. ಒಂದು ಲೀಟರಿಗೆ 9 ಗ್ರಾಂ ಉಪ್ಪು. ಅದೇ ನಮ್ಮ ರಕ್ತಕ್ಕೆ ಹೊಂದುವ ಹದ. ಇದನ್ನು ತಿರುಗಿಸಿ ಹೇಳುತ್ತೇನೆ: ನೀವು ತಿಂದ 9 ಗ್ರಾಂ ಉಪ್ಪು ಹೊರಗೆ ಹೋಗದೆ ಒಳಗೇ ಉಳಿದರೆ ಒಂದು ಲೀಟರ್ ನೀರನ್ನೂ ತನ್ನ ಜೊತೆಗೆ ಉಳಿಸಿಕೊಳ್ಳುತ್ತದೆ. ಬಾಯಾರಿಕೆ ಎಂಬುದು ಆ ನೀರಿಗಾಗಿ ದೇಹ ಕಳಿಸುವ ಬೇಡಿಕೆ.

ಹೆಚ್ಚಾದ ಉಪ್ಪನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದ್ದು. ಅವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಹೊರಗೆ ಬಿಡುವುದು ಒಂದೂವರೆ ಎರಡು ಲೀಟರ್ ಮಾತ್ರ. ಒಂದು ದಿನ ಮದುವೆ ಊಟ ಉಂಡರೆ ಅವು ಹೇಗೋ ನಿಭಾಯಿಸುತ್ತವೆ. ದಿನವೂ ಹೊರೆ ಹೆಚ್ಚಿದ್ದರೆ ಅದನ್ನು ತಳ್ಳಿಹಾಕಲು ಅವಕ್ಕೆ ಹೆಚ್ಚಿನ ಒತ್ತಡ ಬೇಕಾಗುತ್ತದೆ. ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪು ಹೆಚ್ಚಿನ ಒತ್ತಡದಲ್ಲಿ ವರ್ಷಗಟ್ಟಲೆ ಓಡಿದರೆ ಪೈಪು ಮೊದಲ ದಿನವೇ ಒಡೆಯುವುದಿಲ್ಲ. ಎಲ್ಲೋ ಒಂದು ಜೋಡಣೆ ಸಡಿಲವಾಗುತ್ತದೆ, ಪಂಪಿಗೂ ಆಯಾಸವಾಗುತ್ತದೆ. ನಮ್ಮ ಪೈಪಿಗೂ, ಅಂದರೆ ರಕ್ತನಾಳಕ್ಕೂ, ಒಂದು ಕೆಟ್ಟ ಗುಣವಿದೆ. ಒತ್ತಡ ಹೆಚ್ಚಿದಷ್ಟೂ ಅದರ ಗೋಡೆ ದಪ್ಪವಾಗಿ ಗಡುಸಾಗುತ್ತದೆ, ಗಡುಸಾದಷ್ಟೂ ಒತ್ತಡ ಇನ್ನೂ ಏರುತ್ತದೆ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೀಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮೂತ್ರಪಿಂಡ ಸೋತವರು ಉಪ್ಪಿಗೆ ಹೆಚ್ಚು ಸೂಕ್ಷ್ಮ. ಎಂಬತ್ತರಲ್ಲೂ ದಿನಾ ಉಪ್ಪಿನಕಾಯಿ ನೆಕ್ಕಿಕೊಂಡು ಗಟ್ಟಿಯಾಗಿರುವ ಅಜ್ಜ ನಿಮ್ಮ ಮನೆಯಲ್ಲಿರಬಹುದು. ನಮ್ಮ ಮನೆಯಲ್ಲೂ ಇದ್ದರು. ಆದರೆ ನಾವು ಅವರೇ ಎಂದುಕೊಂಡು ಬದುಕಲಾಗುವುದಿಲ್ಲ.

ಬಿಪಿಯ ದೊಡ್ಡ ತೊಂದರೆಯೆಂದರೆ ಅದು ತೊಂದರೆ ಕೊಡುವುದಿಲ್ಲ. ಒಬ್ಬರು ದಿನಸಿ ಅಂಗಡಿಯವರು, ನಲವತ್ತೆಂಟರ ವಯಸ್ಸು, ಕೈಗೆ ಮೊಳೆ ಚುಚ್ಚಿದ್ದಕ್ಕೆ ಚುಚ್ಚುಮದ್ದು ಹಾಕಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದರು. ಅಭ್ಯಾಸಬಲದಿಂದ ಬಿಪಿ ನೋಡಿದೆ. 180ಕ್ಕೆ 110. "ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೆಲ್ಲಿಯ ಬಿಪಿ ಡಾಕ್ಟರೇ, ನಿಮ್ಮ ಯಂತ್ರವನ್ನೇ ಒಮ್ಮೆ ನೋಡಿ" ಎಂದರು. ಇನ್ನೊಂದು ಯಂತ್ರದಲ್ಲಿ ನೋಡಿದೆ, ಮರುದಿನ ಕರೆಸಿ ನೋಡಿದೆ. ಮಾತ್ರೆ ಬರೆದುಕೊಟ್ಟೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ ಎಂದು ನನಗೆ ತಿಳಿದದ್ದು ಎರಡು ವರ್ಷದ ನಂತರ, ಬಲಗಡೆ ಲಕ್ವ ಹೊಡೆದು ಮಾತು ತೊದಲುವಾಗ. ಅವರದು ಅಪರೂಪದ ಕತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79 ವರ್ಷದೊಳಗಿನ ಹದಿನೆಂಟು ಕೋಟಿಗೂ ಹೆಚ್ಚು ಜನಕ್ಕೆ ರಕ್ತದೊತ್ತಡ ಹೆಚ್ಚಿದೆ. ಅವರಲ್ಲಿ ತಮಗೆ ಅದು ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾಗಿರುವವರು ನೂರಕ್ಕೆ 37 ಮಂದಿ.

ಇನ್ನು ನಾವೇಕೆ ಇಷ್ಟು ಉಪ್ಪು ತಿನ್ನುತ್ತೇವೆ ಎಂಬುದಕ್ಕೆ ಬರುತ್ತೇನೆ. ರುಚಿಗೆ ಎನ್ನುತ್ತೀರಿ. ಅದು ಅರ್ಧ ಉತ್ತರ. ನಮ್ಮ ಅಡುಗೆಮನೆಯ ಅಟ್ಟವನ್ನು ನೆನಪಿಸಿಕೊಳ್ಳಿ. ಮಿಡಿ ಉಪ್ಪಿನಕಾಯಿ, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ, ಉಪ್ಪಿಗೆ ಹಾಕಿದ ಕಳಲೆ, ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಬಾಳಕದ ಮೆಣಸು, ಡಬ್ಬಿಗಟ್ಟಲೆ ಹಪ್ಪಳ, ಸಂಡಿಗೆ. ಘಟ್ಟ ಇಳಿದರೆ ಕರಾವಳಿಯಲ್ಲಿ ಒಣಮೀನು. ಇವನ್ನೆಲ್ಲ ಮಾಡುತ್ತಿದ್ದದ್ದು ಬೇಸಗೆಯಲ್ಲಿ, ತಿನ್ನುತ್ತಿದ್ದದ್ದು ಮಳೆಗಾಲದಲ್ಲಿ. ಮೂರು ನಾಲ್ಕು ತಿಂಗಳು ಹೊಳೆ ತುಂಬಿ ಹರಿಯುವಾಗ, ಸಂತೆಗೆ ಹೋಗಲು ದಾರಿಯಿಲ್ಲದಾಗ, ಕಡಲಿಗೆ ದೋಣಿ ಇಳಿಸಲಾಗದಾಗ ಹೊಟ್ಟೆ ತುಂಬಬೇಕಿತ್ತು. ಉಪ್ಪು ಆಗ ರುಚಿಗೆ ಹಾಕುವ ವಸ್ತು ಮಾತ್ರ ಆಗಿರಲಿಲ್ಲ, ಅದು ಆ ಕಾಲದ ಫ್ರಿಜ್ಜು. ಹುಳ ಬರದಂತೆ, ಕೊಳೆಯದಂತೆ ಕಾಯುತ್ತಿದ್ದ ಕಾವಲುಗಾರ. ಸೊಳೆಯನ್ನು ಪಲ್ಯ ಮಾಡುವ ಮುಂಚೆ ನೀರಲ್ಲಿ ನೆನೆಸಿ, ಹಿಂಡಿ, ಉಪ್ಪು ಬಿಡಿಸುತ್ತಿದ್ದರು. ಕಾವಲುಗಾರನನ್ನು ಊಟದ ಎಲೆಗೆ ಕರೆಯಬಾರದೆಂದು ಅವರಿಗೆ ಗೊತ್ತಿತ್ತು.

ಈಗ ಜುಲೈ ತಿಂಗಳ ಜಡಿಮಳೆಯಲ್ಲೂ ಪೇಟೆಯಲ್ಲಿ ಹೂಕೋಸು ಸಿಗುತ್ತದೆ, ಮನೆಯಲ್ಲಿ ಫ್ರಿಜ್ಜು ಇದೆ. ಉಪ್ಪಿಗೆ ಹಾಕಬೇಕಾದ ಕಾರಣ ಹೋಯಿತು, ಉಪ್ಪು ಉಳಿಯಿತು. ಮಳೆಗಾಲದ ಊಟ ವರ್ಷವಿಡೀ ನಡೆಯುತ್ತಿದೆ, ತಾಜಾ ತರಕಾರಿಯ ಪಕ್ಕದಲ್ಲೇ. ಅದರ ಜೊತೆಗೆ ಪೊಟ್ಟಣಗಳು ಬಂದವು: ಚಿಪ್ಸ್, ಖಾರ ಮಿಕ್ಸ್‌ಚರ್, ಎರಡು ನಿಮಿಷದಲ್ಲಿ ಬೇಯುವ ನೂಡಲ್ಸ್, ಸೂಪಿನ ಪುಡಿ, ಸಾಸು. ಅಜ್ಜಿಯ ಅಟ್ಟ ಮತ್ತು ಅಂಗಡಿಯ ಕಪಾಟು ಎರಡನ್ನೂ ಒಟ್ಟಿಗೆ ತಿನ್ನುತ್ತಿರುವ ಮೊದಲ ತಲೆಮಾರು ನಮ್ಮದು.

ಸರಿ, ಎಷ್ಟು ತಿನ್ನುತ್ತೇವೆ? ರೋಗಿಗಳನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ನಮ್ಮ ಮನೆಯಲ್ಲಿ ಉಪ್ಪು ಕಡಿಮೆಯೇ." ಸುಳ್ಳು ಹೇಳುವುದಿಲ್ಲ ಅವರು, ಅವರ ನಾಲಿಗೆಗೆ ಅದು ಕಡಿಮೆಯೇ. ಆದ್ದರಿಂದ ನಾನು ಆ ಪ್ರಶ್ನೆ ಕೇಳುವುದನ್ನು ಬಿಟ್ಟು ಬೇರೊಂದು ಕೇಳುತ್ತೇನೆ. ನಿಮ್ಮನ್ನೂ ಈಗ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪೊಟ್ಟಣ ಎಷ್ಟು ದಿನ ಬರುತ್ತದೆ?

ನೋಡಿ, ಗಂಡಸರು ಹೆಂಡತಿಯ ಮುಖ ನೋಡುತ್ತಿದ್ದೀರಿ. ಅಲ್ಲಿ ಹಿಂದೆ ಕುಳಿತ ತಾಯಿ ತಿಂಗಳಿಗೊಂದು ಎಂದರು. ಮನೆಯಲ್ಲಿ ಎಷ್ಟು ಜನ? ನಾಲ್ಕು. ಲೆಕ್ಕ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕೂ ತುಸು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ನಮ್ಮವರಿಗೆ ಹೇಳುವುದೂ ಅದನ್ನೇ. ನಾಲ್ವರಿಗೆ ದಿನಕ್ಕೆ 20 ಗ್ರಾಂ. ಹಾಗಾದರೆ ಒಂದು ಕಿಲೋ 50 ದಿನ ಬರಬೇಕು. ಮೂವತ್ತು ದಿನಕ್ಕೆ ಮುಗಿದರೆ ಒಬ್ಬೊಬ್ಬರ ಪಾಲು ಎಂಟು ಗ್ರಾಂ ದಾಟಿತು. ತಾಯಿ, ಬೇಸರ ಮಾಡಿಕೊಳ್ಳಬೇಡಿ, ಬೇರೆ ಬೇರೆ ಅಧ್ಯಯನಗಳಲ್ಲಿ ಭಾರತೀಯರ ಸರಾಸರಿ 8ರಿಂದ 11 ಗ್ರಾಂ ಬಂದಿದೆ. ನೀವು ದೇಶದ ಜೊತೆಗಿದ್ದೀರಿ.

ಈ ಲೆಕ್ಕದಲ್ಲಿ ತಪ್ಪುಗಳಿವೆ, ನನಗೆ ಗೊತ್ತು. ತರಕಾರಿ ತೊಳೆಯಲು ಹಾಕಿದ ಉಪ್ಪು ಹೊಟ್ಟೆಗೆ ಹೋಗುವುದಿಲ್ಲ, ನೆಂಟರು ಬಂದು ಉಂಡದ್ದು ನಿಮ್ಮ ಖಾತೆಗೆ ಬರುವುದಿಲ್ಲ. ಆದರೆ ದೊಡ್ಡ ತಪ್ಪು ಇನ್ನೊಂದು ಬದಿಗಿದೆ. ಉಪ್ಪಿನಕಾಯಿಗೆ ತಂದ ಹರಳುಪ್ಪು ಈ ಪೊಟ್ಟಣದಲ್ಲಿಲ್ಲ. ಒಂದು ದೊಡ್ಡ ಚಮಚ ಉಪ್ಪಿನಕಾಯಿಯಲ್ಲಿ, ರಸವೂ ಸೇರಿ, ಒಂದೂವರೆಯಿಂದ ಎರಡು ಗ್ರಾಂ ಉಪ್ಪು ಇರುತ್ತದೆ. ದಿನದ ಮಿತಿಯ ಮೂರನೇ ಒಂದು ಪಾಲು ಅನ್ನಕ್ಕೆ ಕೈ ಹಾಕುವ ಮೊದಲೇ ಮುಗಿಯಿತು. ಹೋಟೆಲಿನ ತಿಂಡಿ ಲೆಕ್ಕದಲ್ಲಿಲ್ಲ, ಬೇಕರಿಯದು ಇಲ್ಲ. ಬೇಸಗೆಯಲ್ಲಿ ಒಳ್ಳೆಯದೆಂದು ಕುಡಿಯುವ ಉಪ್ಪು ಹಾಕಿದ ನಿಂಬೆ ಸೋಡಾ, ಮಜ್ಜಿಗೆ ಇಲ್ಲ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಹೊಟ್ಟೆ ಉಬ್ಬರಿಸಿದಾಗ ನೀರಿಗೆ ಹಾಕಿ ಬುಸ್ಸೆಂದು ನೊರೆ ಬರಿಸಿ ಕುಡಿಯುವ ಪುಡಿಯಲ್ಲೂ ಇರುವುದು ಮುಖ್ಯವಾಗಿ ಅದೇ ಸೋಡಾ. ಬಿಪಿ ಮಾತ್ರೆ ನುಂಗಿ ಅದರ ಹಿಂದೆಯೇ ಈ ಪುಡಿ ಕುಡಿಯುವವರನ್ನು ನೋಡಿದ್ದೇನೆ.

ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ನೂರು ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಒಪ್ಪಿಸಿ. ದೊಡ್ಡವರ ತಪ್ಪು ಹುಡುಕುವುದೆಂದರೆ ಅವರಿಗೆ ಬಹಳ ಖುಷಿ.

ಇಲ್ಲಿ ನಿಲ್ಲಿಸಿ ಒಂದು ಮಾತು. ನಾನು ಉಪ್ಪನ್ನು ಬೈಯಲು ಬಂದವಳಲ್ಲ. ಉಪ್ಪಿಲ್ಲದೆ ನರ ನಡೆಯುವುದಿಲ್ಲ, ಹೃದಯ ಬಡಿಯುವುದಿಲ್ಲ. ಬಡವರ ಅಂಬಲಿಗೂ ಬೇಕಾದ ವಸ್ತುವಿಗೆ ಕರ ಹಾಕಿದರೆಂದೇ 1930ರಲ್ಲಿ ಗಾಂಧೀಜಿ ದಂಡಿಗೆ ನಡೆದರು, ಅದೇ ಏಪ್ರಿಲಿನಲ್ಲಿ ನಮ್ಮ ಅಂಕೋಲೆಯ ಕಡಲತೀರದಲ್ಲಿ ಜನ ಉಪ್ಪು ಮಾಡಿ ಕಾನೂನು ಮುರಿದರು. ಆದರೆ ನನಗೆ ಇಷ್ಟವಾಗುವ ಇನ್ನೊಂದು ಉಪ್ಪಿನ ಪ್ರಸಂಗವನ್ನು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಕಸ್ತೂರಬಾ ಅವರಿಗೆ ಕಾಯಿಲೆಯಾಗಿತ್ತು. ಉಪ್ಪು ಮತ್ತು ಬೇಳೆ ಬಿಡು ಎಂದು ಇವರು ಒತ್ತಾಯಿಸಿದರು. ಯಾರಾದರೂ ಹೇಳಿದರೆ ನಿಮಗೇ ಬಿಡಲಾಗುವುದಿಲ್ಲ ಎಂದರು ಆಕೆ. ಹಾಗಿದ್ದರೆ ನಾನು ಒಂದು ವರ್ಷ ಎರಡನ್ನೂ ಬಿಟ್ಟೆ, ನೀನು ಬಿಟ್ಟರೂ ಸರಿ ಬಿಡದಿದ್ದರೂ ಸರಿ ಎಂದು ಅಲ್ಲೇ ವ್ರತ ಹಿಡಿದರು. ಅದನ್ನು ಕೇಳಿ ಆಕೆ ಅತ್ತರಂತೆ. ಆ ಪಥ್ಯ ವೈದ್ಯಕೀಯವಾಗಿ ಸರಿಯೇ ಎಂಬುದು ಬೇರೆ ಮಾತು. ಹೆಂಡತಿಗೆ ಹಾಗೆ ಮಾಡುವುದೂ ಒಂದು ಬಗೆಯ ಹಟಮಾರಿತನವೇ. ಆದರೆ ಒಬ್ಬರಿಗೆ ಪಥ್ಯ ಹೇಳಿ ಎದುರು ಕುಳಿತು ತಾವು ಎಲ್ಲವನ್ನೂ ಉಣ್ಣುವುದು ಆಗದ ಕೆಲಸ ಎಂಬುದು ಅವರಿಗೆ ಹೊಳೆದಿತ್ತು.

ನಮ್ಮ ಮನೆಗಳಲ್ಲಿ ನಡೆಯುವುದು ಅದರ ತದ್ವಿರುದ್ಧ. ಅಪ್ಪನಿಗೆ ಬಿಪಿ ಬಂತು ಎಂದರೆ ಅಪ್ಪನ ಸಾರನ್ನು ಬೇರೆ ತೆಗೆದಿಟ್ಟು ಉಳಿದವರ ಪಾತ್ರೆಗೆ ಉಪ್ಪು ಹಾಕುತ್ತಾರೆ. ಎರಡು ದಿನ ಅವರು ಸುಮ್ಮನೆ ಉಣ್ಣುತ್ತಾರೆ. ಮೂರನೆಯ ದಿನ ಪಕ್ಕದ ತಟ್ಟೆಯ ಪರಿಮಳ ಮೂಗಿಗೆ ಬಡಿಯುತ್ತದೆ, ತಟ್ಟೆ ಸರಿಸುತ್ತಾರೆ. ಬೈಗುಳ ತಿನ್ನುವವರು ಅಡುಗೆ ಮಾಡಿದವರು. ಕೊನೆಗೆ ಉಪ್ಪಿನ ಡಬ್ಬಿ ಊಟದ ಮೇಜಿಗೇ ಬಂದು ಕೂರುತ್ತದೆ. ಬೇರೆ ಅಡುಗೆ ಮಾಡಬೇಡಿ ಎಂದು ನಾನು ಮೊದಲಿನಿಂದ ಹೇಳುತ್ತಿದ್ದೇನೆ. ಇಡೀ ಮನೆಗೆ ಸ್ವಲ್ಪ ಕಡಿಮೆ ಮಾಡಿ, ಯಾರಿಗೂ ಹೇಳದೆ ಮಾಡಿ. ಅಪ್ಪನ ಬಿಪಿ ಮಗನಿಗೂ ಬರುವ ಸಾಧ್ಯತೆ ಹೆಚ್ಚು, ಅವನ ನಾಲಿಗೆಯನ್ನು ಈಗಲೇ ಪಳಗಿಸಿದಂತಾಗುತ್ತದೆ.

ನಾಲಿಗೆ ಪಳಗುತ್ತದೆ, ಇದು ಪರೀಕ್ಷಿಸಿ ನೋಡಿದ ಸಂಗತಿ. ಉಪ್ಪು ಕಡಿಮೆ ಮಾಡಿದ ಮೊದಲ ವಾರಗಳಲ್ಲಿ ಎಲ್ಲವೂ ಸಪ್ಪೆ. ಎರಡು ಮೂರು ತಿಂಗಳಾದ ಮೇಲೆ ಹಳೆಯ ಸಾರನ್ನು ಬಾಯಿಗಿಟ್ಟರೆ ಉಪ್ಪು ಜಾಸ್ತಿ ಎನಿಸುತ್ತದೆ. ಸಕ್ಕರೆಯಿಲ್ಲದ ಕಾಫಿಗೆ ಹೊಂದಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಷ್ಟರವರೆಗೆ ಹುಳಿ ನಿಮ್ಮ ಸಹಾಯಕ್ಕಿದೆ. ನಿಂಬೆ, ಹುಣಸೆ, ಮುರುಗಲು, ಜೊತೆಗೆ ಶುಂಠಿ, ಕರಿಮೆಣಸು, ಒಗ್ಗರಣೆ. ಒಂದೆಲಗದ ತಂಬುಳಿಗೆ ಮಜ್ಜಿಗೆ ಹುಳಿಯಿದ್ದರೆ ಉಪ್ಪು ಅರ್ಧ ಸಾಕು. ಮೊಸರನ್ನಕ್ಕೆ ಮೇಲಿನಿಂದ ಉಪ್ಪು ಹಾಕಿ ಅದರ ಜೊತೆ ಉಪ್ಪಿನಕಾಯಿಯನ್ನೂ ಬಡಿಸಿಕೊಳ್ಳುವುದಿದೆಯಲ್ಲ, ಅದನ್ನು ಮೊದಲು ನಿಲ್ಲಿಸಿ. ಎರಡರಲ್ಲಿ ಒಂದು.

ಅಂಗಡಿಯಲ್ಲಿ ಈಗ ಬಣ್ಣಬಣ್ಣದ ಉಪ್ಪು ಬಂದಿದೆ. ಗುಲಾಬಿ ಉಪ್ಪಿನಿಂದ ಬಿಪಿ ಬರುವುದಿಲ್ಲವಂತೆ, ನಿಜವೇ ಎಂದು ಕೇಳುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಅದರಲ್ಲಿ ಬಹುಪಾಲು ಇರುವುದು ಅದೇ ಸೋಡಿಯಂ ಕ್ಲೋರೈಡ್, ಬಣ್ಣ ಕೊಡುವ ಖನಿಜಗಳು ಚಿಟಿಕೆಯಲ್ಲಿ ಚಿಟಿಕೆ. ಹೆಚ್ಚು ದುಡ್ಡು ಕೊಟ್ಟಿದ್ದೇವೆಂದು ಕಡಿಮೆ ಬಳಸಿದರೆ ಆ ಲಾಭ ಮಾತ್ರ ನಿಜ. ಅಯೋಡಿನ್ ಇಲ್ಲದ ಉಪ್ಪಿಗೆ ಮರಳಬೇಡಿ. ಮಳೆ ತೊಳೆದುಕೊಂಡು ಹೋದ ಮಲೆಗಳ ಮಣ್ಣಿನಲ್ಲಿ ಅಯೋಡಿನ್ ಕಡಿಮೆ, ಕುತ್ತಿಗೆಯಲ್ಲಿ ಗಳಗಂಡ ಇಳಿಬಿಟ್ಟ ಹೆಂಗಸರನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ.

ಒಂದು ಬಗೆಯ ಉಪ್ಪಿನ ಬಗ್ಗೆ ಮಾತ್ರ ಒಳ್ಳೆಯ ಸಾಕ್ಷ್ಯವಿದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರನ್ನು ಐದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಒಮ್ಮೆ ಲಕ್ವ ಹೊಡೆಸಿಕೊಂಡವರು, ಉಳಿದವರು ಅರವತ್ತು ದಾಟಿದ ಬಿಪಿಯವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು, ಅರ್ಧಕ್ಕೆ ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಎರಡನೆಯವರಲ್ಲಿ ಲಕ್ವ ನೂರಕ್ಕೆ 14ರಷ್ಟು ಕಡಿಮೆಯಾಯಿತು. ಹೊಸ ಮಾತ್ರೆಯಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ, ಅಡುಗೆಮನೆಯ ಡಬ್ಬಿ ಬದಲಾಯಿತು, ಅಷ್ಟೇ. ಆದರೆ ಇದನ್ನು ಕೇಳಿ ನಾಳೆಯೇ ಅಂಗಡಿಗೆ ಓಡಬೇಡಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮತ್ತು ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅವರಿಗೆ ಎಳನೀರೂ ಲೆಕ್ಕ ನೋಡಿ ಕುಡಿಯುವ ವಸ್ತುವೇ. ನಿಮ್ಮ ವೈದ್ಯರನ್ನು ಕೇಳದೆ ಆ ಉಪ್ಪು ತರಬೇಡಿ. ಹಾಗೆಯೇ, ಇವತ್ತು ನನ್ನ ಮಾತು ಕೇಳಿ ಉಪ್ಪನ್ನು ಪೂರ್ತಿ ಬಿಟ್ಟು ಮನೆಯ ಮುದುಕರನ್ನು ಮಂಕು ಮಾಡಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ವೃದ್ಧರಲ್ಲಿ ಸೋಡಿಯಂ ಕುಸಿದು ಮಾತು ತಪ್ಪುವುದನ್ನು ಪ್ರತಿ ಬೇಸಗೆ ನೋಡುತ್ತೇನೆ. ಭೇದಿಯಾದಾಗ ಉಪ್ಪು ಸಕ್ಕರೆ ಬೆರೆಸಿದ ನೀರು ಬೇಕೇ ಬೇಕು.

ಕೊನೆಗೆ ಯಾರೋ ಚೀಟಿಯಲ್ಲಿ ಬರೆದು ಕಳಿಸಿದ್ದಾರೆ: ಹಾಗಾದರೆ ಭರಣಿಯಲ್ಲಿರುವ ಮಿಡಿಯನ್ನು ಎಸೆಯಬೇಕೇ? ಎಸೆಯುವ ಮಾತಾಡಿದರೆ ನನ್ನನ್ನು ಈ ತಾಲ್ಲೂಕಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಅಪ್ಪೆಮಿಡಿಯ ಪರಿಮಳಕ್ಕೆ ಸಮನಾದದ್ದು ಇನ್ನೊಂದಿಲ್ಲ. ಒಂದು ಮಿಡಿಯನ್ನು ಒಂದು ಊಟಕ್ಕೆ ಮುಗಿಸುವ ಬದಲು ಮೂರು ದಿನ ಕಚ್ಚಿ ತಿನ್ನಿ. ರಸವನ್ನು ಅನ್ನಕ್ಕೆ ಕಲಸಬೇಡಿ.

ನನ್ನ ಮನೆಯ ಲೆಕ್ಕ ಕೇಳದೆ ನೀವು ಬಿಡುವುದಿಲ್ಲ ಎಂದು ಗೊತ್ತು. ನಾಲ್ಕು ವರ್ಷದ ಹಿಂದೆ ಮೊದಲ ಬಾರಿ ಉಪ್ಪಿನ ಪೊಟ್ಟಣದ ಮೇಲೆ ಪೆನ್ನಿನಿಂದ ತಾರೀಕು ಬರೆದಿಟ್ಟೆ. ನಾವು ಮೂವರು. 31ನೆಯ ದಿನಕ್ಕೆ ಪೊಟ್ಟಣ ಖಾಲಿ. ಒಬ್ಬೊಬ್ಬರಿಗೆ ಹತ್ತೂಮುಕ್ಕಾಲು ಗ್ರಾಂ, ಅದೂ ದಿನಾ ರೋಗಿಗಳಿಗೆ ಉಪ್ಪು ಕಡಿಮೆ ಮಾಡಿ ಎನ್ನುವವಳ ಮನೆಯಲ್ಲಿ. ನನ್ನ ಗಂಡ ಆ ಖಾಲಿ ಪೊಟ್ಟಣವನ್ನು ಕ್ಲಿನಿಕ್ಕಿನಲ್ಲಿ ತೂಗುಹಾಕೋಣ ಎಂದರು. ಈಗಿನ ಪೊಟ್ಟಣ 52 ದಿನ ಬಂತು, ತಲೆಗೆ ಆರೂವರೆ ಗ್ರಾಂ ಹತ್ತಿರ. ಐದಕ್ಕೆ ಇನ್ನೂ ಇಳಿದಿಲ್ಲ. ಅತ್ತೆ ಸಿದ್ಧಾಪುರದಿಂದ ಕಳಿಸಿದ ಭರಣಿಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.